ಅರಗು ಕರಗದು, ಗೂಡು ಸುಡದು: ಮನೆಯಲ್ಲೇ ಮಾಡಿ ನಮ್ಮೂರ ದೀಪ!

ಚನ್ನಪಟ್ಟಣ: ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಚನ್ನಪಟ್ಟಣ ಬಂತು ಅಂತ ಕಂಡಕ್ಟರ್ ಕೂಗಿ ಹೇಳಬೇಕಾದ್ದೇ ಇಲ್ಲ. ರಸ್ತೆಯ ಎರಡೂ ಕಡೆ ಅಂಗಡಿ, ಅಂಗಡಿಯ ಮುಂದೆ ಸಾಲಾಗಿ ನಿಂತ ಕೆಂಪು ಹಳದಿ ಕುದುರೆ, ತಲೆಯಾಡಿಸುವ ಗೊಂಬೆ, ಬುಗುರಿ, ಗಿಲಕಿ. ಇಷ್ಟು ಸಾಕು, ಊರಿನ ಹೆಸರು ಓದುವುದೇ ಬೇಡ.

ಹಿಂದೆ ಇದೇ ರಸ್ತೆಯಲ್ಲಿ ಕಾರುಗಳು ಬರುತ್ತಿದ್ದವು. ಮಗು ಹಟ ಮಾಡುತ್ತಿತ್ತು, ಅಪ್ಪ ಬ್ರೇಕ್ ಹಾಕುತ್ತಿದ್ದ, ವ್ಯಾಪಾರ ಕುದುರುತ್ತಿತ್ತು. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಮುಟ್ಟದೆ ಸುತ್ತಿಕೊಂಡು ಹೋಗುವ ಬೈಪಾಸು ಬಂತು. ಈಗ ಮೈಸೂರಿಗೆ ಹೋಗುವ ಕಾರು ಊರಿನ ಮಗ್ಗುಲಲ್ಲೇ ಹಾರಿಹೋಗುತ್ತದೆ. ಹಳೇ ರಸ್ತೆಗೆ ಉಳಿದದ್ದು ಸರ್ಕಾರಿ ಬಸ್ಸು, ಊರವರ ಸ್ಕೂಟರು, ಮತ್ತು ಗಿರಾಕಿಯ ದಾರಿ ಕಾಯುವ ಮರದ ಕುದುರೆಗಳು.

ರಸ್ತೆಯನ್ನಂತೂ ಯಾರೂ ಹಿಂದಕ್ಕೆ ತಿರುಗಿಸಲಾರರು. ಹಾಗಾದರೆ ಅಂಗಡಿಯಲ್ಲಿ ಹೊಸದೇನು ಇಡಬಹುದು? ಕಾರಿನ ಮಗುವಿಗಲ್ಲದೆ, ದಿನಾ ಸಂಜೆ ಬಸ್ಸಿಳಿಯುವ ಗಿರಾಕಿಗೂ ಬೇಕೆನಿಸುವಂಥದ್ದು ಏನಿದೆ?

ಒಂದು ಸಲಹೆ ಇಲ್ಲಿದೆ. ಚನ್ನಪಟ್ಟಣದ ಅರಗಿನ ಪೀಠ, ಅದರ ಮೇಲೆ ರೇಷ್ಮೆ ಗೂಡಿನ ಮೊಗ್ಗು, ಮೊಗ್ಗಿನೊಳಗೆ ಕಾಳಿನಷ್ಟು ದೊಡ್ಡ ಎಲ್‌ಇಡಿ. ಕತ್ತಲಾದರೆ ತಾನೇ ಹತ್ತುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಹೈಸ್ಕೂಲಿನ ಹುಡುಗ ಹುಡುಗಿಯರು ಒಂದು ಭಾನುವಾರ ಕೂತು ಮಾಡಬಹುದಾದ ಕೆಲಸ. ಬೆಳಕಿನ ಸಾಮಾನಿನ ಖರ್ಚು, ಸೆಲ್ಲು ಮತ್ತು ಮರದ ಪೀಠ ಬಿಟ್ಟರೆ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದಷ್ಟು!

ಇಷ್ಟು ದಿನ ಯಾಕೆ ಆಗಲಿಲ್ಲ?

ಮರವೂ ನಮ್ಮದೇ, ಗೂಡೂ ನಮ್ಮದೇ. ಹಾಗಿದ್ದರೂ ಇಂಥ ದೀಪ ಈ ಊರುಗಳಲ್ಲಿ ಹಿಂದೆಯೇ ಯಾಕೆ ಹುಟ್ಟಲಿಲ್ಲ ಅಂತೀರಾ? ಕಾರಣ ಒಂದೇ. ಬಿಸಿ.

ಅರಗಿನ ಮನೆಯ ಕಥೆ ಗೊತ್ತಿಲ್ಲದವರು ಯಾರಿದ್ದಾರೆ? ದುರ್ಯೋಧನ ಪಾಂಡವರಿಗೆ ಕಲ್ಲಿನ ಮನೆ ಕಟ್ಟಿಸಲಿಲ್ಲ, ಅರಗಿನ ಮನೆ ಕಟ್ಟಿಸಿದ. ಬೆಂಕಿ ಮುಟ್ಟಿಸಿದರೆ ಉಳಿಯುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಚನ್ನಪಟ್ಟಣದ ಗೊಂಬೆಯ ಹೊಳಪು ಕೂಡ ಅದೇ ಅರಗಿನದು. ಲೇತಿನಲ್ಲಿ ಮರ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಕೂರುತ್ತದೆ. ಮೇಲೆ ತಾಳೆಗರಿ ಹಿಡಿದು ನಯ ಮಾಡಿದರೆ ಕನ್ನಡಿಯ ಹೊಳಪು. ಅಂದರೆ ಬಿಸಿಯಿಂದ ಕೂತ ಬಣ್ಣ ಅದು, ಬಿಸಿ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಅರಗು ಕರಗುವುದಕ್ಕೆ ಸುಮಾರು 75-80 ಡಿಗ್ರಿ ಸಾಕು.

ಇನ್ನು ಹಳೇ ತಂತಿ ಬಲ್ಬು. ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ದಿನದಿಂದ ಸುಮಾರು ನೂರು ವರ್ಷ ನಮ್ಮ ಮನೆಗಳನ್ನು ಆಳಿದ್ದು ಅದೇ. ಅದು ಹೆಸರಿಗೆ ದೀಪ, ನಿಜದಲ್ಲಿ ಒಲೆ. ನುಂಗಿದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲು ಬೆಳಕು ಕೊಟ್ಟರೆ ಹೆಚ್ಚು, ಮಿಕ್ಕದ್ದೆಲ್ಲ ಬಿಸಿ. ಉರಿಯುವ ಬಲ್ಬಿನ ಗಾಜು ನೂರು ಡಿಗ್ರಿ ದಾಟುತ್ತದೆ. ಅದನ್ನು ಅರಗಿನ ಗೊಂಬೆಯ ಪಕ್ಕ ಇಟ್ಟರೆ ಬಣ್ಣ ಇಳಿಯುತ್ತದೆ. ರೇಷ್ಮೆ ಗೂಡಿನೊಳಗೆ ಇಟ್ಟರೆ ಗೂಡು ಹಳದಿಯಾಗಿ, ಪೆಡಸಾಗಿ, ಕೊನೆಗೆ ಕರಕಲಾಗುತ್ತದೆ.

ಎಲ್‌ಇಡಿ ಈ ತಾಪತ್ರಯ ತಪ್ಪಿಸಿತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ತೋರಿಸಿಕೊಟ್ಟದ್ದು 1962ರಲ್ಲಿ. ಕೆಂಪು ಬಂತು, ಹಸಿರು ಬಂತು, ನೀಲಿ ಮಾತ್ರ ಬಹಳ ಕಾಲ ಸತಾಯಿಸಿತು. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಜಪಾನಿನಲ್ಲಿ ಹುಟ್ಟಿ ಬೆಳೆದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು 1990ರ ದಶಕದ ಹೊತ್ತಿಗೆ ಅದನ್ನು ಸಾಧಿಸಿದರು. 2014ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಇವತ್ತು ನಮ್ಮ ಟಿ.ವಿ. ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಕಡಲೆಕಾಳಿನಂತೆ ಬಿದ್ದಿರುವುದು ಆ ನೊಬೆಲ್ ಪ್ರಶಸ್ತಿಯ ಫಲವೇ!

ಇಲ್ಲಿ ಹೇಳುವ ದೀಪ ಎಷ್ಟು ಕಡಿಮೆ ವಿದ್ಯುತ್ತು ಬಳಸುತ್ತದೆ ಅಂದರೆ, ಒಂದು 40 ವ್ಯಾಟ್ ಬಲ್ಬು ನುಂಗುವುದರಲ್ಲಿ ಇಂಥ ನಾನೂರು ದೀಪ ಹಚ್ಚಬಹುದು. ಓದುವುದಕ್ಕೆ ಆಗುವ ಬೆಳಕಲ್ಲ, ನಿಜ. ನೋಡುವುದಕ್ಕೆ ಆಗುವ ಬೆಳಕು. ಗಂಟೆಗಟ್ಟಲೆ ಉರಿದರೂ ಗೂಡು ತಣ್ಣಗೇ ಇರುತ್ತದೆ.

ಗೂಡು ಎಲ್ಲಿಂದ ತರೋದು?

ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವುದು ನೂಲು ಬಿಚ್ಚುವ ಗೂಡು. ಒಂದು ಒಳ್ಳೇ ದ್ವಿತಳಿ ಗೂಡಿನಲ್ಲಿ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಎಳೆ ಇರುತ್ತದೆ. ರೈತ ರಾತ್ರಿಯೆಲ್ಲಾ ನಿದ್ದೆಗೆಟ್ಟು ಸಾಕಿದ ಮಾಲು ಅದು. ದೀಪಕ್ಕೆ ಅಂತ ಅದನ್ನು ಹಾಳು ಮಾಡುವುದು ಬೇಡ.

ದೀಪಕ್ಕೆ ಬೇಕಾದದ್ದು ತೂತು ಗೂಡು. ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಹುಳವನ್ನು ಕೊಲ್ಲದೆ, ಚಿಟ್ಟೆಯಾಗಿ ಹೊರಗೆ ಬರಲು ಬಿಡುತ್ತಾರೆ. ಚಿಟ್ಟೆ ಗೂಡಿನ ಒಂದು ತುದಿಯನ್ನು ಮೆತ್ತಗೆ ಮಾಡಿ, ತೂರಿಕೊಂಡು ಬರುತ್ತದೆ. ಎಳೆಗಳು ಅಸ್ತವ್ಯಸ್ತ ಆಗುವುದರಿಂದ ಅಂಥ ಗೂಡಿನಿಂದ ರೀಲರುಗಳು ಒಂದೇ ಎಳೆಯಾಗಿ ನೂಲು ತೆಗೆಯಲಾರರು. ಮಾಗಡಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮಾಗಡಿ, ಕುಣಿಗಲ್ ಸೀಮೆ ಹಿಂದಿನಿಂದಲೂ ಹೆಸರುವಾಸಿ. ತೂತು ಗೂಡು, ರೇಷ್ಮೆ ಚಿಂದಿಯಿಂದಲೇ ನೂಲು ತೆಗೆಯುವ ಸ್ಪನ್ ಸಿಲ್ಕ್ ಗಿರಣಿ ಒಂದು ಕಾಲಕ್ಕೆ ಚನ್ನಪಟ್ಟಣದ ಹೆಮ್ಮೆಯಾಗಿತ್ತು. ಗೂಡಿನಿಂದ ಹಾರ, ಹೂವು ಮಾಡುವ ಕಸುಬೂ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ.

ಈ ದೀಪದ ಸ್ವಾರಸ್ಯ ಇರುವುದೇ ಇಲ್ಲಿ. ಚಿಟ್ಟೆ ಹೊರಗೆ ಬಂದ ತೂತು 5 ಮಿ.ಮೀ. ಎಲ್‌ಇಡಿ ಒಳಗೆ ಹೋಗುವುದಕ್ಕೆ ಸರಿಯಾಗಿ ಒದಗುತ್ತದೆ. ಕತ್ತರಿ ಬೇಡ, ದಬ್ಬಣ ಬೇಡ. ಜೀವ ಹೊರಬಂದ ಬಾಗಿಲಿನಲ್ಲೇ ಬೆಳಕು ಒಳಗೆ ಹೋಗುತ್ತದೆ. ಬಿಳೀ ಗೂಡಾದರೆ ಹಾಲಿನಂಥ ಬೆಳಕು, ಮೈಸೂರು ತಳಿಯ ಹಸಿರು ಮಿಶ್ರಿತ ಹಳದಿ ಗೂಡಾದರೆ ನಿಂಬೆಹಣ್ಣಿನ ಬಣ್ಣ.

ಗೂಡನ್ನು ಅಲ್ಲಾಡಿಸಿ ನೋಡಿ. ಗಲಗಲ ಅಂದರೆ ಒಳಗೆ ಹುಳ ಬಿಟ್ಟ ಒಣ ಪೊರೆ ಇದೆ ಅಂತ ಅರ್ಥ, ಚಿಮಟದಿಂದ ಎಳೆದು ಹಾಕಿ. ತೂತಿನ ಹತ್ತಿರ ಕಂದು ಕಲೆ ಇರುವ ಗೂಡು ಬೇಡ. ಒಂದು ಗಂಟೆ ಬಿಸಿಲಿಗಿಟ್ಟು, ಒಣ ಬ್ರಷ್ಷಿನಲ್ಲಿ ಒರೆಸಿದರೆ ಸಾಕು.

ಪೀಠದ ಅಳತೆ

ಮರದ ಪೀಠವನ್ನು ಲೇತಿನವರ ಹತ್ತಿರವೇ ಮಾಡಿಸಬೇಕು. ಹಾಲೆ ಮರ, ಆಡುಮಾತಿನ ಆಲೆ ಮರ, ಇದಕ್ಕೆ ಹೇಳಿ ಮಾಡಿಸಿದ್ದು. ಬಿಳುಪು, ಹಗುರ, ಉಳಿಗೆ ಮೃದು, ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಅಳತೆ ಹೀಗೆ ಹೇಳಿ: ಅಗಲ ನಾಲ್ಕೂವರೆ ಇಂಚು, ಎತ್ತರ ಎರಡೂವರೆ ಇಂಚು. ಅಡಿಯಿಂದ ಮೂರೂವರೆ ಇಂಚು ಅಗಲ, ಒಂದೂವರೆ ಇಂಚು ಆಳದ ಗುಳಿ. ಸೆಲ್ಲಿನ ಪೆಟ್ಟಿಗೆ ಕೂರುವುದು ಅಲ್ಲಿ. ನೆತ್ತಿಯಲ್ಲಿ ಪೆನ್ಸಿಲ್ ತೂರುವಷ್ಟು ಒಂದು ತೂತು. ಪಕ್ಕದಲ್ಲಿ, ತಳದ ಅಂಚಿನ ಹತ್ತಿರ, ಮತ್ತೊಂದು ಸಣ್ಣ ತೂತು. ಇದು ದೀಪದ ಕಣ್ಣು, ಮರೆಯಬೇಡಿ.

ಕಡೆಯುವವರು ಕೇಳಿದ ಕೂಲಿಗೆ ಜಗ್ಗಾಡುವುದು ಬೇಡ ಸ್ವಾಮಿ. ಚನ್ನಪಟ್ಟಣದ ಗೊಂಬೆಗೆ 2005-06ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇರೆಯವರು ಆ ಹೆಸರು ಹಾಕಿ ಮಾರದಂತೆ ಅದು ಕಾಯುತ್ತದೆ. ಆದರೆ ಹೆಸರು ಕಾಯುವ ಕಾಗದ ಹೊಟ್ಟೆ ತುಂಬಿಸುವುದಿಲ್ಲ. ತುಂಬಿಸುವುದು ಗಿರಾಕಿ ಕೊಡುವ ಕಾಸು.

ಬೇಕಾದ ಸಾಮಾನು

ಹತ್ತಿರದ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ದಿನಾ ಬೆಂಗಳೂರಿಗೆ ಹೋಗಿ ಬರುವವರ ಕೈಗೆ ಚೀಟಿ ಕೊಟ್ಟರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಅಂಗಡಿಯಲ್ಲಿ ಸಿಗುತ್ತದೆ.

• ವಾರ್ಮ್ ವೈಟ್ ಎಲ್‌ಇಡಿ, 5 ಮಿ.ಮೀ. - 3
• 220 ಓಮ್ ರೆಸಿಸ್ಟರ್ (ಕೆಂಪು, ಕೆಂಪು, ಕಂದು ಪಟ್ಟಿ) - 3
• 47 ಕಿಲೋ ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಿತ್ತಳೆ ಪಟ್ಟಿ) - 1
• ಬಿ.ಸಿ. 547 ಟ್ರಾನ್ಸಿಸ್ಟರ್ - 1
• ಎಲ್‌ಡಿಆರ್, ಅಂದರೆ ಬೆಳಕು ಕಂಡರೆ ದಾರಿ ಬಿಡುವ ಸಣ್ಣ ಬಿಲ್ಲೆ - 1
• ಮೂರು ಪೆನ್ ಸೆಲ್ ಕೂರುವ, ಸ್ವಿಚ್ ಇರುವ ಪೆಟ್ಟಿಗೆ - 1
• ಸಣ್ಣ ವೈರು, ಹಸಿರು ದಾರ, ಮರಕ್ಕೆ ಹಾಕುವ ಅಂಟು

ಬಿ.ಸಿ. ಅಂತ ಹೆಸರಿದ್ದರೂ ಆ ಟ್ರಾನ್ಸಿಸ್ಟರ್ ಇಲ್ಲಿ ಬಿಸಿಯಾಗುವುದಿಲ್ಲ, ಹೆದರಬೇಡಿ!

ಜೋಡಿಸುವ ಕ್ರಮ

ಒಂದು: ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಮೂರೂ ಎಲ್‌ಇಡಿಗಳ ಎರಡೂ ಕಾಲಿಗೆ ಐದಾರು ಇಂಚಿನ ವೈರು ಬೆಸುಗೆ ಹಾಕಿ. ಕಾಲುಗಳು ಒಂದಕ್ಕೊಂದು ತಾಗದಂತೆ ಟೇಪು ಸುತ್ತಿ.

ಎರಡು: ಉದ್ದ ಕಾಲಿನ ಪ್ರತಿ ವೈರಿಗೂ ಒಂದೊಂದು 220 ಓಮ್ ರೆಸಿಸ್ಟರ್. ಮೂರು ರೆಸಿಸ್ಟರಿನ ಇನ್ನೊಂದು ತುದಿಗಳನ್ನು ಒಟ್ಟು ಮಾಡಿ ಪೆಟ್ಟಿಗೆಯ ಕೆಂಪು ವೈರಿಗೆ ಸೇರಿಸಿ.

ಮೂರು: ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿಯಿರಿ. ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಮೂರು ಎಲ್‌ಇಡಿಗಳ ಗಿಡ್ಡ ಕಾಲಿನ ವೈರುಗಳನ್ನು ಒಟ್ಟು ಮಾಡಿ ಎಡಗಾಲಿಗೆ ಕೊಡಿ. ಬಲಗಾಲನ್ನು ಪೆಟ್ಟಿಗೆಯ ಕಪ್ಪು ವೈರಿಗೆ ಕೊಡಿ.

ನಾಲ್ಕು: 47 ಕಿಲೋ ಓಮ್ ರೆಸಿಸ್ಟರನ್ನು ಕೆಂಪು ವೈರಿಗೂ ನಡುಗಾಲಿಗೂ ನಡುವೆ ಹಾಕಿ. ಎಲ್‌ಡಿಆರ್ ಅನ್ನು ನಡುಗಾಲಿಗೂ ಕಪ್ಪು ವೈರಿಗೂ ನಡುವೆ ಹಾಕಿ. ಎಲ್‌ಡಿಆರ್‌ಗೆ ಪ್ಲಸ್ ಮೈನಸ್ ಭೇದ ಇಲ್ಲ.

ಐದು: ಅಂಟು ಹಾಕುವ ಮೊದಲೇ ಪರೀಕ್ಷೆ ಮಾಡಿ. ಕಿಟಕಿಯ ಬೆಳಕಿನಲ್ಲಿ ಸ್ವಿಚ್ ಹಾಕಿದರೆ ದೀಪ ಹತ್ತಬಾರದು. ಎಲ್‌ಡಿಆರ್ ಮೇಲೆ ಅಂಗೈ ಮುಚ್ಚಿದರೆ ಹತ್ತಬೇಕು. ಒಂದೇ ಒಂದು ಎಲ್‌ಇಡಿ ಹತ್ತದಿದ್ದರೆ ಅದರ ಕಾಲು ತಿರುಗು ಮುರುಗಾಗಿದೆ. ಮೂರೂ ಹತ್ತದಿದ್ದರೆ ಟ್ರಾನ್ಸಿಸ್ಟರಿನ ಕಾಲುಗಳನ್ನು ಮತ್ತೊಮ್ಮೆ ನೋಡಿ.

ಆರು: ವೈರುಗಳಿಗೆ ಹಸಿರು ದಾರ ಸುತ್ತಿ ಪೀಠದ ನೆತ್ತಿಯಿಂದ ಮೇಲಕ್ಕೆ ಬಿಡಿ, ಬಳ್ಳಿಯಂತೆ ಬಾಗಿಸಿ. ಒಂದೊಂದು ತುದಿಗೆ ಒಂದೊಂದು ಗೂಡು ತೊಡಿಸಿ, ಬಾಯಿಗೆ ಒಂದು ಹನಿ ಅಂಟು. ಎಲ್‌ಡಿಆರ್ ಅನ್ನು ಪಕ್ಕದ ತೂತಿನಲ್ಲಿ ಹೊರಗೆ ಮುಖ ಮಾಡಿ ಕೂರಿಸಿ.

ಈ ಆರನೆಯದರಲ್ಲೇ ಬಹಳ ಜನ ಎಡವುವುದು. ಎಲ್‌ಡಿಆರ್ ಮೇಲ್ಗಡೆ ಇಟ್ಟರೆ ದೀಪದ ಬೆಳಕು ಅದರ ಮೇಲೆಯೇ ಬೀಳುತ್ತದೆ. ಬೆಳಗಾಯಿತು ಅಂತ ತಿಳಿದು ಅದು ದೀಪವನ್ನು ಮಂಕು ಮಾಡುತ್ತದೆ, ಇಲ್ಲವೇ ಮಿಣಮಿಣ ಅನ್ನಿಸುತ್ತದೆ. ಅದಕ್ಕೇ ಕಣ್ಣು ತಳದಲ್ಲಿರಲಿ, ಗೂಡಿನ ಕಡೆಗೆ ಬೆನ್ನು ಮಾಡಿಕೊಂಡು.

ಕೆಲಸ ಮಾಡುವ ಗುಟ್ಟು

ಟ್ರಾನ್ಸಿಸ್ಟರ್ ಅಂದರೆ ಕೆರೆಯ ತೂಬು ಅಂತ ತಿಳಿಯಿರಿ. ಕಣ್ವ ಜಲಾಶಯದ ತೂಬು ಎತ್ತುವುದಕ್ಕೆ ಒಬ್ಬನ ಕೈಬಲ ಸಾಕು, ಹರಿಯುವ ನೀರು ಊರಿಗಾಗುವಷ್ಟು. ಹಾಗೆಯೇ ನಡುಗಾಲಿಗೆ ಹೋಗುವ ಚೂರು ವಿದ್ಯುತ್ತು ಎಲ್‌ಇಡಿಗೆ ಹೋಗುವ ಹೆಚ್ಚು ವಿದ್ಯುತ್ತಿಗೆ ದಾರಿ ತೆರೆಯುತ್ತದೆ. ಹಗಲಲ್ಲಿ ಎಲ್‌ಡಿಆರ್ ಆ ಚೂರನ್ನು ನಡುದಾರಿಯಲ್ಲೇ ಕಪ್ಪು ವೈರಿಗೆ ಸೋರಿಸಿಬಿಡುತ್ತದೆ, ತೂಬು ಮುಚ್ಚಿರುತ್ತದೆ. ಕತ್ತಲಾದರೆ ಎಲ್‌ಡಿಆರ್ ಬಿಗಿಯುತ್ತದೆ, ಸೋರಿಕೆ ನಿಲ್ಲುತ್ತದೆ, ತೂಬು ತೆರೆಯುತ್ತದೆ.

220 ಓಮ್ ಯಾಕೆ? ಮೂರು ಸೆಲ್ ಸೇರಿ ನಾಲ್ಕೂವರೆ ವೋಲ್ಟು. ಎಲ್‌ಇಡಿಗೆ ಬೇಕಾದ್ದು ಸುಮಾರು ಮೂರು. ಮಿಕ್ಕದ್ದನ್ನು ತಡೆಯಲು ರೆಸಿಸ್ಟರ್. ಇದಿಲ್ಲದೆ ನೇರವಾಗಿ ಕೊಟ್ಟರೆ ಎಲ್‌ಇಡಿ ಒಂದು ಕ್ಷಣ ಜೋರಾಗಿ ಬೆಳಗಿ, ಆಮೇಲೆ ಯಾವತ್ತೂ ಬೆಳಗುವುದಿಲ್ಲ.

ಸಾಧಾರಣ ಪೆನ್ ಸೆಲ್ ಮೂವತ್ತು ಗಂಟೆಯ ಆಸುಪಾಸು ಬರುತ್ತದೆ. ಮಲಗುವಾಗ ಸ್ವಿಚ್ ಆರಿಸಿದರೆ ವಾರ ಮೀರಿ ಬಾಳುತ್ತದೆ. ದಿನಾ ಉರಿಸುವವರು ಹಳೇ ಮೊಬೈಲ್ ಚಾರ್ಜರ್ ವೈರನ್ನು ಕತ್ತರಿಸಿ, ಅದರ 5 ವೋಲ್ಟಿನ ಕೆಂಪು, ಕಪ್ಪು ಎಳೆಗಳನ್ನು ಸೆಲ್ ಪೆಟ್ಟಿಗೆಯ ಬದಲು ಸೇರಿಸಬಹುದು. ಸರ್ಕ್ಯೂಟಿನಲ್ಲಿ ಬೇರೆ ಏನೂ ಬದಲಾಯಿಸಬೇಕಿಲ್ಲ. ಆದರೆ ಸೆಲ್ಲು, ಚಾರ್ಜರು ಎರಡನ್ನೂ ಒಟ್ಟಿಗೆ ಮಾತ್ರ ಸೇರಿಸಬಾರದು.

ಎಚ್ಚರ, ಎಚ್ಚರ!

ಮನೆಯ 230 ವೋಲ್ಟಿನ ಪ್ಲಗ್ಗಿಗೆ ಈ ದೀಪವನ್ನು ನೇರವಾಗಿ ಕೊಡಲೇಬಾರದು. ಸಂತೆಯಲ್ಲಿ ಸಿಗುವ ಅಗ್ಗದ ಮಿಣುಕು ಸರಗಳು ಬಹುಮಟ್ಟಿಗೆ ಇದೇ 230 ವೋಲ್ಟಿನ ಮೇಲೆ ನಿಂತಿರುತ್ತವೆ. ಸರ ಎಲ್ಲಾದರೂ ಸುಲಿದಿದ್ದರೆ, ಮುಟ್ಟಿದ ಮಗುವಿಗೆ ತಗುಲುವುದು ಕಂಬದ ಕರೆಂಟೇ. ಸೆಲ್ಲಿನ ದೀಪದಲ್ಲಿ ಆ ಭಯ ಇಲ್ಲ. ನಾಲ್ಕೂವರೆ ವೋಲ್ಟು ಬೆರಳಿಗೆ ಗೊತ್ತೂ ಆಗುವುದಿಲ್ಲ. ಚಾರ್ಜರ್ ಬಳಸುವವರು ಬಿ.ಐ.ಎಸ್. ಗುರುತಿರುವುದನ್ನೇ ಬಳಸಿ. ಬೆಸುಗೆ ಕಡ್ಡಿ ಹಿಡಿಯುವಾಗ ಮಕ್ಕಳ ಪಕ್ಕ ದೊಡ್ಡವರೊಬ್ಬರು ಇರಲಿ. ಗುಂಡಿಯಂಥ ಸಣ್ಣ ಸೆಲ್ಲು ಹಾಕುವ ಆಸೆ ಬೇಡ. ಮಗು ನುಂಗಿದರೆ ಪ್ರಾಣಕ್ಕೇ ಕುತ್ತು.

ಅಂಗಡಿಯವರಿಗೆ ಲಾಭ ಏನು?

ಈ ದೀಪ ಇಟ್ಟ ಮಾತ್ರಕ್ಕೆ ಬೈಪಾಸಿನ ಕಾರುಗಳು ಊರೊಳಕ್ಕೆ ತಿರುಗುತ್ತವೆ ಅಂತ ಯಾರೂ ಭ್ರಮೆ ಪಡಬೇಕಿಲ್ಲ. ಹೊರಗಿನಿಂದ ಬರುವ ಪ್ಲಾಸ್ಟಿಕ್ ದೀಪದ ಬೆಲೆಗೆ ಇದನ್ನು ಕೊಡುವುದಕ್ಕೂ ಆಗದು. ಆದರೆ ಪ್ಲಾಸ್ಟಿಕ್ ದೀಪ ಕೆಟ್ಟರೆ ತಿಪ್ಪೆಗೆ, ಇದು ಕೆಟ್ಟರೆ ರಿಪೇರಿಗೆ. ಗೂಡು ಕೊಳೆಯಾದರೆ ಬೇರೆ ಗೂಡು, ಎಲ್‌ಇಡಿ ಹೋದರೆ ಬೇರೆ ಎಲ್‌ಇಡಿ. ಪೀಠ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಗೊಂಬೆ ಕೊಳ್ಳುವುದು ಮನೆಯಲ್ಲಿ ಮಗು ಇರುವವರು ಮಾತ್ರ. ದೀಪ ಎಲ್ಲರ ಮನೆಗೂ ಬೇಕು. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆಯಾಗುತ್ತದೆ. ದೀಪಾವಳಿಗೆ ಗೂಡುದೀಪ ಕಟ್ಟುವ ನಾಡು ನಮ್ಮದು, ಇದು ಹೆಸರಿಗೆ ತಕ್ಕ ಗೂಡಿನ ದೀಪ! ಮಾಗಡಿಯ ತೂತು ಗೂಡಿಗೆ ಒಂದು ಗಿರಾಕಿ, ಚನ್ನಪಟ್ಟಣದ ಲೇತಿಗೆ ಒಂದು ಕೆಲಸ, ಕನಕಪುರ, ರಾಮನಗರದ ಹಳ್ಳಿ ಮನೆಗಳಲ್ಲಿ ಗೂಡು ಪೋಣಿಸಬಲ್ಲ ಹೆಣ್ಣುಮಕ್ಕಳಿಗೆ ಬಿಡುವಿನ ಹೊತ್ತಿನಲ್ಲಿ ನಾಲ್ಕು ಕಾಸು. ರಿಪೇರಿ ಅಂಗಡಿಯ ಹುಡುಗನಿಗೆ ಬೆಸುಗೆಯ ಕೂಲಿ.

ಮೊದಲು ಒಂದೇ ಒಂದು ಮಾಡಿಸಿ, ಗಲ್ಲಾ ಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳಿ. ಸಂಜೆ ಆರೂವರೆಗೆ ಕರೆಂಟು ಹೋಗಿ ಬೀದಿಯೆಲ್ಲಾ ಕತ್ತಲಾದಾಗ ಮೂರು ಮೊಗ್ಗು ತಾವಾಗಿಯೇ ಬೆಳಗುತ್ತವೆ. ಆಗ ಬಸ್ಸಿಗೆ ಕಾದು ನಿಂತವರಲ್ಲಿ ಒಬ್ಬರಾದರೂ ಹತ್ತಿರ ಬಂದು "ಇದೇನಣ್ಣಾ, ಎಲ್ಲಿ ಮಾಡಿದ್ದು?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಸುಲಭ. ಮರ, ಗೂಡು, ಕೈಕೆಲಸ ಎಲ್ಲಾ ಈ ನಾಲ್ಕು ತಾಲ್ಲೂಕಿನದೇ ಅನ್ನಿ. ಜಪಾನಿನಿಂದ ಬಂದದ್ದು ನೀಲಿ ಬೆಳಕಿನ ಗುಟ್ಟು ಮಾತ್ರ.